ಮನೆಯಲ್ಲಿ ಸ್ತೋತ್ರ, ಹಬ್ಬದಲ್ಲಿ ಸ್ತೋತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಒಂದು ಸಿಎಸ್‌ಐ ಸಭೆಯಲ್ಲಿ, ಅಂದರೆ ಪ್ರಾಟೆಸ್ಟಂಟ್ ಚರ್ಚಿನಲ್ಲಿ, ಇಪ್ಪತ್ತೆರಡು ವರ್ಷದಿಂದ ಸಂಡೇ ಸ್ಕೂಲ್ ಪಾಠ ಮಾಡುತ್ತಿದ್ದೇನೆ. ಪಾಠ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ತಾಯಂದಿರು ಗೇಟಿನ ಹತ್ತಿರ ನಿಂತು ಏನಾದರೂ ಕೇಳಿಯೇ ಕೇಳುತ್ತಾರೆ. ಕೆಲವರು ಫೋನ್ ಮಾಡುತ್ತಾರೆ. ಕೆಲವರು ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಉದ್ದದ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ನಾನು ಸಭಾಪಾಲಕಿ ಅಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಮನೆ ನಡೆಸಿದವಳು, ಮಕ್ಕಳನ್ನು ಬೆಳೆಸಿದವಳು. ಗೊತ್ತಿರುವುದನ್ನು ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಕುಟುಂಬ ಪ್ರಾರ್ಥನೆ ದಿನಾ ಮಾಡಲೇಬೇಕಾ? ಎಷ್ಟು ಹೊತ್ತು?

ಹತ್ತು ನಿಮಿಷ ಸಾಕು. ಒಂದು ಹಾಡು, ಸತ್ಯವೇದದ (ಬೈಬಲಿನ) ಒಂದು ಸಣ್ಣ ಭಾಗ, ಒಬ್ಬೊಬ್ಬರದು ಒಂದೊಂದು ಸ್ತೋತ್ರ (ದೇವರಿಗೆ ಹೇಳುವ ಕೃತಜ್ಞತೆಯ ಮಾತು), ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಅಷ್ಟೇ. ಮುಕ್ಕಾಲು ಗಂಟೆ ಪ್ರಾರ್ಥನೆ ಮಾಡಿ ಮಕ್ಕಳಿಗೆ ಬೇಜಾರು ಬರಿಸುವುದಕ್ಕಿಂತ ಹತ್ತೇ ನಿಮಿಷ ಮಾಡಿ ನಾಳೆಯೂ ಕೂರುವ ಹಾಗೆ ಮಾಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕೂರುತ್ತೇವೆ, ಯಾಕೆಂದರೆ ಊಟ ಆದ ಮೇಲೆ ಎಲ್ಲರಿಗೂ ನಿದ್ದೆ. ಫೋನುಗಳೆಲ್ಲ ಫ್ರಿಜ್ ಮೇಲೆ. ಯಾರಿಗಾದರೂ ನೈಟ್ ಶಿಫ್ಟ್ ಇದ್ದರೆ ಅವರು ಹೊರಡುವ ಮುಂಚೆ, ಬಾಗಿಲ ಹತ್ತಿರ ನಿಂತುಕೊಂಡಾದರೂ ಸರಿ, ಎರಡು ಮಾತು. ಒಂದು ದಿನ ತಪ್ಪಿದರೆ ತಲೆ ಕೆಡಿಸಿಕೊಳ್ಳಬೇಡಿ. ಮಾರನೇ ದಿನ ಕೂರಿ.

"ಎಲ್ಲಾದಕ್ಕೂ ಸ್ತೋತ್ರ ಕರ್ತನೇ" ಅಂದರೆ ಸಾಕಲ್ವಾ? ಬೇರೆ ಏನು ಹೇಳಬೇಕು?

ಸಾಲದು. ಇದೊಂದನ್ನು ನಾನು ಜಾಸ್ತಿ ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಇದನ್ನು ಕಲಿಸಿದ್ದು ನಮ್ಮ ಅಜ್ಜಿ.

ನಮ್ಮಪ್ಪ ದಿನಾ ರಾತ್ರಿ ಒಂದೇ ಪ್ರಾರ್ಥನೆ ಮಾಡುತ್ತಿದ್ದರು. "ಈ ದಿನವೆಲ್ಲಾ ಕಾಪಾಡಿದ್ದಕ್ಕೆ ಸ್ತೋತ್ರ ತಂದೆಯೇ" ಅಂತ ಶುರುವಾದರೆ ಮುಂದಿನದೆಲ್ಲ ನಮಗೆ ಬಾಯಿಪಾಠ. ಒಂದು ಸಲ ಅಜ್ಜಿ ಕಣ್ಣು ಮುಚ್ಚಿಕೊಂಡೇ ನಡುವೆ ಕೇಳಿದರು: "ಏನ್ ಕಾಪಾಡ್ಯಾನ ಹೇಳಲಾ. ಅವಗೂ ಕೇಳಿಸ್ಲಿ, ನಮಗೂ ಕೇಳಿಸ್ಲಿ." ಅಪ್ಪ ಸುಮ್ಮನಾದರು. ಆಮೇಲೆ ಮೆಲ್ಲಗೆ ಹೇಳಿದರು, ಬೆಳಿಗ್ಗೆ ಸೈಕಲ್ ಚೈನ್ ಕಳಚಿ ರಸ್ತೆ ನಡುವೆಯೇ ಬಿದ್ದಿದ್ದು, ಹಿಂದೆ ಬರುತ್ತಿದ್ದ ಲಾರಿ ಎರಡು ಮಾರು ದೂರದಲ್ಲಿ ನಿಂತಿದ್ದು, ಡ್ರೈವರ್ ಇಳಿದು ಬಂದು ಕೈ ಹಿಡಿದು ಎಬ್ಬಿಸಿದ್ದು. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಅವ್ವ ಅಳಲು ಶುರುಮಾಡಿದಳು. ಆ ರಾತ್ರಿ ನಾವು ಆ ಲಾರಿ ಡ್ರೈವರ್‌ಗಾಗಿ ಪ್ರಾರ್ಥನೆ ಮಾಡಿದೆವು, ಅವನ ಹೆಸರು ಊರು ಏನೂ ಗೊತ್ತಿಲ್ಲದೆ.

ಹೆಸರಿಟ್ಟು ಸ್ತೋತ್ರ ಹೇಳಿದರೆ ಹೀಗಾಗುತ್ತದೆ. ದೇವರಿಗೆ ಹೇಳುವ ಮಾತು ಮನೆಯವರ ಕಿವಿಗೂ ಬೀಳುತ್ತದೆ. ಸತ್ಯವೇದದ 136ನೇ ಕೀರ್ತನೆ ಓದಿ ನೋಡಿ. ಇಪ್ಪತ್ತಾರು ವಚನ, ಪ್ರತಿ ವಚನದ ಕೊನೆಗೂ ದೇವರ ಕೃಪೆಯ ಮಾತೇ. ಆದರೆ ಮೊದಲರ್ಧದಲ್ಲಿ ಪ್ರತಿ ಸಲವೂ ಬೇರೆ ಬೇರೆ ಸಂಗತಿ: ಸೂರ್ಯ, ಚಂದ್ರ, ಇಬ್ಭಾಗವಾದ ಸಮುದ್ರ, ಕಡೆಗೆ ಅಮೋರಿಯರ ಅರಸ ಸೀಹೋನ, ಬಾಷಾನಿನ ಅರಸ ಓಗ ಅಂತ ಸೋತ ರಾಜರ ಹೆಸರುಗಳೂ ಬರುತ್ತವೆ. ಸುಮ್ನೆ "ನಮ್ಮನ್ನು ಕಾಪಾಡಿದ" ಅಂತ ಬರೆದು ಮುಗಿಸಬಹುದಿತ್ತು ಅಲ್ವಾ? ಮುಗಿಸಲಿಲ್ಲ.

ಹಾಗಾಗಿ ಒಂದೇ ಒಂದು ನಿಯಮ ಇಟ್ಟುಕೊಳ್ಳಿ. ಇವತ್ತಿನದೇ ಆಗಿರಬೇಕು, ನಿನ್ನೆ ಹೇಳಿದ್ದಾಗಿರಬಾರದು. ಬಸ್ಸಲ್ಲಿ ಸೀಟು ಸಿಕ್ಕಿದ್ದು, ಜ್ವರ ಬಿಟ್ಟಿದ್ದು, ನಲ್ಲಿಯಲ್ಲಿ ಎಂಟು ದಿನದ ಮೇಲೆ ನೀರು ಬಂದಿದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಮಕ್ಕಳು ಕೂರೋದೇ ಇಲ್ಲ. ಏನು ಮಾಡೋದು?

ಕೂರದಿದ್ದರೆ ನಿಂತುಕೊಳ್ಳಲಿ. ನಾಲ್ಕು ವರ್ಷದ ಮಗು ಹತ್ತು ನಿಮಿಷ ಕೈ ಮುಗಿದು ಅಲುಗಾಡದೆ ಕೂರಬೇಕು ಅಂತ ಯಾವ ವಚನದಲ್ಲೂ ಇಲ್ಲ. ಹಾಡು ಯಾವುದು ಅಂತ ಅವರೇ ಆರಿಸಲಿ. ಒಂದು ಹಳೆಯ ನೋಟ್‌ಬುಕ್ ಕೊಟ್ಟು ಇವತ್ತಿನ ಸ್ತೋತ್ರಗಳನ್ನು ಬರೆಯುವ ಕೆಲಸ ಕೊಡಿ. ಬರೆಯಲು ಬಾರದವರು ಚಿತ್ರ ಬಿಡಿಸಲಿ. ನಮ್ಮ ಮಗಳು ಯುಕೆಜಿಯಲ್ಲಿದ್ದಾಗ ಒಂದು ವಾರ ಪೂರ್ತಿ ಪಕ್ಕದ ಮನೆಯ ಎಮ್ಮೆಕರುವನ್ನೇ ಬಿಡಿಸಿದ್ದಳು. ಆ ನೋಟ್‌ಬುಕ್ ಇನ್ನೂ ಇದೆ.

ಬೈದು ಕೂರಿಸಬೇಡಿ. ಪ್ರಾರ್ಥನೆ ಅಂದರೆ ಬೈಗುಳ ಅಂತ ತಲೆಯಲ್ಲಿ ಕೂತರೆ ಮುಂದೆ ಅದನ್ನು ತೆಗೆಯುವುದು ಬಹಳ ಕಷ್ಟ.

ನಮ್ಮನೆಯವರು ಪ್ರಾರ್ಥನೆಗೆ ಬರೋದೇ ಇಲ್ಲ, ನಾನೊಬ್ಬಳೇ ಮಕ್ಕಳನ್ನು ಕೂರಿಸಿಕೊಂಡು ಮಾಡಬೇಕು. ಮಾಡಬಹುದಾ?

ಮಾಡಿ. ಎಷ್ಟೋ ಮನೆಗಳಲ್ಲಿ ನಂಬಿಕೆ ಉಳಿದಿರುವುದೇ ಹೀಗೆ. ಯೇಸುವಿನ ಅಪೊಸ್ತಲನಾದ ಪೌಲನು ತನ್ನ ಜೊತೆ ಸೇವಕ ತಿಮೊಥೆಯನಿಗೆ ಬರೆಯುವಾಗ ಅವನ ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆ ಇಬ್ಬರ ನಂಬಿಕೆಯನ್ನು ಹೆಸರು ಹಿಡಿದು ನೆನೆಯುತ್ತಾನೆ. ತಂದೆಯ ಮಾತು ಆ ಪತ್ರದಲ್ಲಿ ಬರುವುದಿಲ್ಲ. ಒಂದು ಕಿವಿಮಾತು ಮಾತ್ರ. ಯಜಮಾನರು ಪಕ್ಕದ ರೂಮಿನಲ್ಲಿ ಕೂತಿರುವಾಗ ಅವರಿಗೆ ಕೇಳಿಸಲಿ ಅಂತ "ನಮ್ಮನೆಯವರ ಮನಸ್ಸು ತಿದ್ದು ಕರ್ತನೇ" ಅಂತ ಜೋರಾಗಿ ಪ್ರಾರ್ಥನೆ ಮಾಡಬೇಡಿ. ಅದರ ಬದಲು ಅವರು ಇವತ್ತು ಮಾಡಿದ ಒಂದು ಒಳ್ಳೆಯ ಕೆಲಸಕ್ಕೆ ಸ್ತೋತ್ರ ಹೇಳಿ, ಮಾರ್ಕೆಟ್‌ನಿಂದ ತರಕಾರಿ ತಂದಿದ್ದಾದರೂ ಆಗಲಿ. ಅದೂ ಕೇಳಿಸುತ್ತದೆ.

ಕಷ್ಟ ಬಂದಾಗ ಹೇಗೆ ಸ್ತೋತ್ರ ಹೇಳೋದು? ಬಾಯೇ ಬರಲ್ಲ.

ಇದನ್ನು ಕೇಳುವವರು ಸಾಮಾನ್ಯವಾಗಿ ಗೇಟಿನ ಹತ್ತಿರ ಕೇಳುವುದಿಲ್ಲ, ಫೋನಲ್ಲಿ ಕೇಳುತ್ತಾರೆ.

ಮೊದಲು ಒಂದು ಮಾತು. ಪೌಲನು ಥೆಸಲೋನಿಕದವರಿಗೆ ಬರೆದದ್ದು ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿ ಅಂತ. ಕ್ಯಾನ್ಸರ್ ಬಂದಿದ್ದಕ್ಕೆ ಸ್ತೋತ್ರ, ಕೆಲಸ ಹೋಗಿದ್ದಕ್ಕೆ ಸ್ತೋತ್ರ ಅನ್ನು ಅಂತ ಅದರ ಅರ್ಥ ಅಲ್ಲ. ಆ ಸ್ಥಿತಿಯ ಒಳಗೆ ಕೂತು, ಅಲ್ಲೂ ಕೈಬಿಡದ ದೇವರಿಗೆ ಸ್ತೋತ್ರ. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲಾ ಕಾರ್ಯಗಳಿಗೋಸ್ಕರವೂ ಅಂತ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ. ಆದರೆ ಅದು ಸಭೆಯಾಗಿ ಕೂಡಿ ಹಾಡುವವರಿಗೆ ಬರೆದ ಮಾತು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಹೋಗಿ ಆ ವಚನ ಹಿಡಿದು "ಸ್ತೋತ್ರ ಹೇಳಮ್ಮಾ" ಅನ್ನುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅವಳ ಜೊತೆ ಕೂತು ಅಳಿ. ಅನ್ನ ಸಾರು ಮಾಡಿಕೊಂಡು ಹೋಗಿ.

ಅಳುವುದಕ್ಕೂ ಸತ್ಯವೇದದಲ್ಲಿ ಜಾಗ ಇದೆ. 13ನೇ ಕೀರ್ತನೆ ಶುರುವಾಗುವುದೇ ಎಷ್ಟರ ತನಕ ಕರ್ತನೇ, ನನ್ನನ್ನು ಮರೆತೇಬಿಟ್ಟೆಯಾ ಅನ್ನುವ ಜಗಳದಿಂದ. ಆರೇ ವಚನದ ಕೀರ್ತನೆ. ಕೊನೆಯ ವಚನಕ್ಕೆ ಬರುವ ಹೊತ್ತಿಗೆ ಅದೇ ಬಾಯಿ ಹಾಡುತ್ತದೆ. ಮೊದಲ ವಚನ ಬಿಟ್ಟು ಕೊನೆಯದನ್ನು ಮಾತ್ರ ಹೇಳು ಅಂತ ದೇವರು ಯಾರಿಗೂ ಹೇಳಿಲ್ಲ. ಪ್ರವಾದಿ ಹಬಕ್ಕೂಕನ ಪುಸ್ತಕದ ಮೂರನೇ ಅಧ್ಯಾಯವನ್ನು ನಮ್ಮ ಕಡೆಯ ರೈತರಿಗೆ ಓದಿ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಬಿಡಲಿಲ್ಲ, ಹೊಲ ಕೈಕೊಟ್ಟಿತು, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ. ಇಷ್ಟನ್ನೂ ಒಂದೊಂದಾಗಿ ಎಣಿಸಿ ಆದ ಮೇಲೆ, ಆದರೂ ನಾನು ಕರ್ತನಲ್ಲಿ ಸಂತೋಷಿಸುತ್ತೇನೆ ಅನ್ನುತ್ತಾನೆ. ಇಲ್ಲದ್ದನ್ನೂ ಹೆಸರು ಹಿಡಿದೇ ಎಣಿಸುತ್ತಾನೆ, ನೋಡಿ.

ಜರ್ಮನಿಯ ಐಲೆನ್‌ಬುರ್ಗ್ ಊರಿನಲ್ಲಿ ಮಾರ್ಟಿನ್ ರಿಂಕಾರ್ಟ್ ಅಂತ ಒಬ್ಬ ಸಭಾಪಾಲಕರಿದ್ದರು. ಮೂವತ್ತು ವರ್ಷದ ಯುದ್ಧದ ಕಾಲ. ಊರಿಗೆ ಓಡಿ ಬಂದ ಜನ ಕಿಕ್ಕಿರಿದಿದ್ದರು. 1637ರಲ್ಲಿ ಪ್ಲೇಗ್ ಬಂತು. ಉಳಿದ ಸಭಾಪಾಲಕರು ಇಲ್ಲವಾದ ಮೇಲೆ ರಿಂಕಾರ್ಟ್ ಒಬ್ಬರೇ ಆ ವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಸಮಾಧಿ ಮಾಡಿದರು ಅನ್ನುತ್ತಾರೆ. ಅದರಲ್ಲಿ ಅವರ ಹೆಂಡತಿಯೂ ಒಬ್ಬರು. ಇವತ್ತು ಲೋಕದ ಎಷ್ಟೋ ಸಭೆಗಳಲ್ಲಿ ಹಾಡುವ ಒಂದು ಹೆಸರಾಂತ ಕೃತಜ್ಞತಾ ಗೀತೆ ಅವರದೇ. ಅದು ಮೊದಲು ಮನೆಯವರಿಗಾಗಿ, ಊಟದ ಹೊತ್ತಿನ ಪ್ರಾರ್ಥನೆಯಾಗಿ ಬರೆದದ್ದು. ನನಗೆ ಯಾವಾಗಲೂ ಆ ಊಟದ ಮೇಜೇ ಕಣ್ಣಿಗೆ ಬರುತ್ತದೆ.

ನಮ್ಮ ಮನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮನೆಯವರು ಹನ್ನೊಂದು ದಿನ ಐಸಿಯುನಲ್ಲಿದ್ದರು. ಏಳನೇ ದಿನ ರಾತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗಳ ಜೊತೆ ಕೂತಿದ್ದೆ. ಪ್ರಾರ್ಥನೆ ಮಾಡೋಣ ಅಂದಳು. ನನಗೆ ಒಂದು ಪದವೂ ಬರಲಿಲ್ಲ, ಗಂಟಲು ಕಟ್ಟಿತ್ತು. ಎಂಟು ವರ್ಷದ ಹುಡುಗಿ ತಾನೇ ಶುರುಮಾಡಿದಳು. "ಇವತ್ತು ಪಕ್ಕದ ಬೆಡ್ಡಿನ ತಾತನ ಮನೆಯವರು ಬಿಸ್ಕೆಟ್ ಕೊಟ್ಟರು, ಸ್ತೋತ್ರ. ಲಿಫ್ಟ್ ಅಂಕಲ್ ನನ್ನ ಹೆಸರು ಕೇಳಿದರು, ಸ್ತೋತ್ರ. ಪಪ್ಪ ಕಾಲ್ಬೆರಳು ಅಲ್ಲಾಡಿಸಿದರು, ಸ್ತೋತ್ರ." ನಾನು ಆಮೆನ್ ಅಂದೆ. ಅವತ್ತಿನ ಪ್ರಾರ್ಥನೆ ಅಷ್ಟೇ.

ಬಾಯಿ ಬರದಿದ್ದರೆ ಇನ್ನೊಬ್ಬರ ಪ್ರಾರ್ಥನೆಗೆ ಆಮೆನ್ ಅನ್ನಿ. ಸಾಕು.

ಹೋಟೆಲಲ್ಲಿ, ಆಫೀಸಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಬೇಕಾ? ನಾಚಿಕೆ ಆಗುತ್ತೆ.

ಮಾಡಿ, ಆದರೆ ಎದ್ದು ನಿಂತು ಜೋರಾಗಿ ಮಾಡಬೇಕಾಗಿಲ್ಲ. ತಲೆ ತಗ್ಗಿಸಿ ಎರಡು ಕ್ಷಣ. ಬಡಿಸಿದ ಹುಡುಗನನ್ನೂ ಆ ಎರಡು ಕ್ಷಣದಲ್ಲಿ ನೆನೆಯಿರಿ.

ಸುಗ್ಗಿ ಹಬ್ಬಕ್ಕೆ ನಾವು ಏನು ತರಬೇಕು? ನಮಗೆ ಹೊಲವೇ ಇಲ್ಲ.

ನನಗೆ ತುಂಬ ಇಷ್ಟವಾದ ಹಬ್ಬ ಇದು. ಕೆಲವು ಸಭೆಗಳಲ್ಲಿ ಈಗಲೂ ಹಾರ್ವೆಸ್ಟ್ ಅಂತಲೇ ಕರೆಯುತ್ತಾರೆ.

ಇದು ಬ್ರಿಟಿಷರು ಬಿಟ್ಟು ಹೋದ ಹಬ್ಬ ಅಲ್ವಾ ಅಂತ ಕೇಳುವವರಿದ್ದಾರೆ. ಇಂಗ್ಲೆಂಡಿನಲ್ಲಿ ಈಗಿನ ರೂಪದ ಸುಗ್ಗಿ ಆರಾಧನೆ 1843ರಲ್ಲಿ ಕಾರ್ನ್‌ವಾಲ್‌ನ ಒಂದು ಹಳ್ಳಿಯಲ್ಲಿ ರಾಬರ್ಟ್ ಹಾಕರ್ ಅನ್ನುವ ಪಾದ್ರಿಯಿಂದ ಶುರುವಾಯಿತು ಅನ್ನುವುದು ನಿಜ. ಆದರೆ ಬೇರು ಅಲ್ಲಿಯದಲ್ಲ. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಮೊದಲ ಬೆಳೆಯನ್ನು ಪುಟ್ಟಿಯಲ್ಲಿ ಹಾಕಿಕೊಂಡು ದೇವರ ಮುಂದೆ ತಂದಿಡುವ ಮಾತಿದೆ. ತಂದಿಟ್ಟವನು ಸುಮ್ಮನೆ ಇಟ್ಟು ಹೋಗುವಂತಿಲ್ಲ. ನನ್ನ ಪೂರ್ವಿಕ ಅಲೆಮಾರಿಯಾಗಿದ್ದ, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ನಾವು ದಾಸರಾಗಿದ್ದೆವು, ಅಲ್ಲಿಂದ ಕರೆತಂದು ಈ ಭೂಮಿ ಕೊಟ್ಟಿ ಅಂತ ಕಥೆಯನ್ನೂ ಹೇಳಬೇಕು. ಇನ್ನು ಸುಗ್ಗಿ ಅನ್ನುವುದು ನಮಗೆ ಹೊಸದಾ? ರಾಶಿ ಮಾಡಿ, ಪೂಜೆ ಮಾಡಿ, ಊರವರಿಗೆಲ್ಲ ಕೊಟ್ಟು ಆಮೇಲೆ ಮನೆಗೆ ಒಯ್ಯುವ ನಾಡು ನಮ್ಮದು. 1837ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಮಿಷನರಿಗಳು ಧಾರವಾಡದಲ್ಲಿ ನೆಲೆ ಮಾಡುವ ಮೊದಲೇ ಇಲ್ಲಿಯ ಜನಕ್ಕೆ ಬೆಳೆಗೆ ಕೈಮುಗಿಯುವುದು ಗೊತ್ತಿತ್ತು.

ನಮ್ಮ ಸಭೆಯಲ್ಲಿ ಆರಾಧನೆಯ ಹೊತ್ತಿಗೆ ವೇದಿಯ ಮುಂದೆ ಜಾಗವೇ ಇರುವುದಿಲ್ಲ. ಜೋಳದ ತೆನೆ, ಕಬ್ಬು, ಕುಂಬಳಕಾಯಿ, ಮೆಣಸಿನಕಾಯಿ, ಮೊಟ್ಟೆ, ಕಾಲು ಕಟ್ಟಿದ ಕೋಳಿ, ಯಾರೋ ಮಾಡಿದ ಕೇಕು. ಪ್ರಸಂಗದ ನಡುವೆ ಕೋಳಿ ಕೂಗುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಆರಾಧನೆ ಮುಗಿದ ಮೇಲೆ ಹರಾಜು. ಹೋದ ವರ್ಷ ಒಬ್ಬ ಅಜ್ಜಿ ತಂದಿದ್ದು ಒಂದೇ ಲಿಂಬೆಹಣ್ಣು, ಹಿತ್ತಿಲ ಗಿಡದ್ದು. ಐವತ್ತು ರೂಪಾಯಿಗೆ ಹಿಡಿದವರು ಅದನ್ನು ವಾಪಸ್ ಕೊಟ್ಟು ಮತ್ತೆ ಹರಾಜಿಗೆ ಇಡಿಸಿದರು. ಮತ್ತೊಬ್ಬರು ಹಿಡಿದರು, ಅವರೂ ವಾಪಸ್ ಕೊಟ್ಟರು. ಹೀಗೆ ಕೈಯಿಂದ ಕೈಗೆ ಹೋಗಿ ಆ ಒಂದು ಲಿಂಬೆಹಣ್ಣಿಗೆ ಎರಡು ಸಾವಿರ ದಾಟಿತು. ಅಜ್ಜಿ ಮುಂದಿನ ಬೆಂಚಿನಲ್ಲಿ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಹೊಲ ಇಲ್ಲದವರು ನಿಮ್ಮ ಕೆಲಸದ ಬೆಳೆ ತನ್ನಿ. ನಮ್ಮಲ್ಲಿ ಟೇಲರಿಂಗ್ ಮಾಡುವವರೊಬ್ಬರು ಪ್ರತಿ ವರ್ಷ ಒಂದು ಮಗುವಿನ ಫ್ರಾಕ್ ಹೊಲಿದು ತರುತ್ತಾರೆ. ಎಲೆಕ್ಟ್ರಿಕ್ ಕೆಲಸದ ಹುಡುಗ ದೇವಾಲಯದ ಆರು ಫ್ಯಾನು ಬಿಚ್ಚಿ ಸರಿ ಮಾಡಿಕೊಟ್ಟ, ಅದೇ ಅವನ ಕಾಣಿಕೆ. ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗಿಯೊಬ್ಬಳು ಏನು ತರಲಿ ಅಂತ ಕೇಳಿದಳು. ಸಂಡೇ ಸ್ಕೂಲ್ ಮಕ್ಕಳ ಹೆಸರು, ಹುಟ್ಟುಹಬ್ಬ, ಮನೆಯವರ ನಂಬರು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಮಾಡಿಕೊಡು ಅಂದೆ. ಅದರ ಪ್ರಿಂಟನ್ನು ಕುಂಬಳಕಾಯಿ ಪಕ್ಕದಲ್ಲೇ ಇಟ್ಟೆವು.

ಮಂಗಳೂರು ಕಡೆಯ ತೆನೆ ಹಬ್ಬ ಅಂದರೆ ಇದೇನಾ?

ಮೂಲ ಭಾವ ಒಂದೇ, ಆಚರಣೆ ಬೇರೆ. ಅದು ಕಥೋಲಿಕರ ಹಬ್ಬ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ಕೊಂಕಣಿಯಲ್ಲಿ ಮೊಂತಿ ಫೆಸ್ತ್ ಅನ್ನುತ್ತಾರೆ. ಮುಂಚೆ ಒಂಬತ್ತು ದಿನ ಪ್ರಾರ್ಥನೆ, ಮಕ್ಕಳು ದಿನಾ ಬುಟ್ಟಿಯಲ್ಲಿ ಹೂ ತಂದು ಬಾಲಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಪ್ರತಿ ಮನೆಗೂ ಕೊಡುತ್ತಾರೆ. ಮನೆಗೆ ತಂದು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆ ಮಾಡಿ ಎಲ್ಲರೂ ಕುಡಿಯುತ್ತಾರೆ. ಅವತ್ತು ಬಾಳೆಲೆಯಲ್ಲಿ ತರಕಾರಿ ಊಟ ಮಾತ್ರ, ಮೀನು ಮಾಂಸ ಇಲ್ಲ.

ನನ್ನ ನಾದಿನಿ ಉಡುಪಿ ಕಡೆಯ ಕಥೋಲಿಕ್ ಮನೆಗೆ ಮದುವೆಯಾಗಿ ಹೋಗಿದ್ದಾಳೆ. ಅವಳ ಮೈದುನ ಕುವೈತ್‌ನಲ್ಲಿದ್ದಾನೆ. ಅತ್ತೆಯವರು ನಾಲ್ಕು ಭತ್ತದ ಕಾಳನ್ನು ಕಾಗದದಲ್ಲಿ ಮಡಚಿ ಕವರಿಗೆ ಹಾಕಿ ಅವನಿಗೆ ಕಳಿಸುತ್ತಾರೆ. ಮನೆಯಲ್ಲಿ ಎಲ್ಲರೂ ಒಂದೇ ತೆನೆಯದು ತಿನ್ನಬೇಕು ಅಂತ. ಆ ಕವರು ಅಂಟಿಸುವಾಗ ಅವರ ಮುಖ ನೋಡಬೇಕು ನೀವು.

ಅಮೆರಿಕದಲ್ಲಿರುವ ಮಗಳು ನವೆಂಬರಲ್ಲಿ ಥ್ಯಾಂಕ್ಸ್‌ಗಿವಿಂಗ್ ಮಾಡ್ತಾಳಂತೆ. ಅದು ಕ್ರೈಸ್ತ ಹಬ್ಬವಾ?

ಅದು ಅಲ್ಲಿಯ ರಾಷ್ಟ್ರೀಯ ಹಬ್ಬ, ನವೆಂಬರ್ ತಿಂಗಳ ನಾಲ್ಕನೇ ಗುರುವಾರ. ಎಲ್ಲಾ ಧರ್ಮದವರೂ ಮಾಡುತ್ತಾರೆ. 1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲೆಂಡಿನಿಂದ ಬಂದವರು ಮತ್ತು ಅಲ್ಲಿಯ ವಾಂಪನೋಗ್ ಮೂಲನಿವಾಸಿಗಳು ಒಟ್ಟಿಗೆ ಉಂಡ ಸುಗ್ಗಿ ಊಟದ ನೆನಪು ಅದರ ಹಿಂದಿದೆ. 1863ರಲ್ಲಿ, ಅಂತರ್ಯುದ್ಧದ ನಡುವೆಯೇ, ಲಿಂಕನ್ ಅದನ್ನು ಇಡೀ ದೇಶಕ್ಕೆ ಘೋಷಿಸಿದರು. ಆ ಮೂಲನಿವಾಸಿಗಳ ಪೈಕಿ ಹಲವರಿಗೆ ಇವತ್ತಿಗೂ ಆ ದಿನ ದುಃಖದ ದಿನ, ಯಾಕೆಂದರೆ ಆಮೇಲೆ ಅವರ ನೆಲ ಹೋಯಿತು. ಮಗಳಿಗೆ ಇದೂ ಗೊತ್ತಿರಲಿ. ಹಬ್ಬ ಖಂಡಿತ ಮಾಡಲಿ. ಟರ್ಕಿ ಕೋಳಿ ಇಷ್ಟ ಇಲ್ಲದಿದ್ದರೆ ಅನ್ನ ಸಾರೇ ಮಾಡಿ, ಮನೆಗೆ ಹೋಗಲಾಗದ ನಾಲ್ಕು ಜನ ಸ್ಟೂಡೆಂಟುಗಳನ್ನು ಊಟಕ್ಕೆ ಕರೆಯಲಿ.

ಕ್ರಿಸ್ಮಸ್ ಬಂತಂದರೆ ಬರೀ ಖರ್ಚು, ಬಟ್ಟೆ, ಕೇಕು. ಇದರ ನಡುವೆ ಕೃತಜ್ಞತೆ ಎಲ್ಲಿ?

ಖರ್ಚಿನ ವಿಷಯ ನೇರವಾಗಿ ಹೇಳುತ್ತೇನೆ. ಸಾಲ ಮಾಡಿ ಕ್ರಿಸ್ಮಸ್ ಮಾಡಬೇಡಿ. ಲೂಕನ ಸುವಾರ್ತೆಯಲ್ಲಿ ಕೂಸು ಯೇಸುವನ್ನು ಎತ್ತಿಕೊಂಡು ದೇವಾಲಯಕ್ಕೆ ಹೋದ ಮರಿಯಳು ಮತ್ತು ಯೋಸೇಫ ಕೊಟ್ಟ ಕಾಣಿಕೆಯ ಮಾತು ಬರುತ್ತದೆ: ಒಂದು ಜೋಡಿ ಬೆಳವಕ್ಕಿ ಇಲ್ಲವೇ ಎರಡು ಪಾರಿವಾಳದ ಮರಿ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅದು ಕುರಿ ತರಲು ಶಕ್ತಿ ಇಲ್ಲದವರು ತರುವ ಕಾಣಿಕೆ. ಕರ್ತನ ತಾಯಿತಂದೆ ತಮ್ಮ ಕೈಲಾದದ್ದನ್ನು ತಂದರು, ಸಾಲ ಮಾಡಿ ಕುರಿ ತರಲಿಲ್ಲ.

ಆದರೆ ಹಬ್ಬದ ಗಡಿಬಿಡಿಯನ್ನೆಲ್ಲ ಕೆಟ್ಟದ್ದು ಅನ್ನುವವಳಲ್ಲ ನಾನು. ಮಕ್ಕಳು ಗೋದಲಿ ಕಟ್ಟಲು ಹುಲ್ಲು, ಕಲ್ಲು, ಮಣ್ಣು ಅಂತ ಊರೆಲ್ಲ ಸುತ್ತಲಿ. ಬಾಗಿಲಿಗೆ ಸ್ಟಾರ್ ಹಾಕಿ. ರಾತ್ರಿ ಕ್ಯಾರಲ್ಸ್‌ನವರು ಬಂದಾಗ ನಿದ್ದೆಗಣ್ಣಲ್ಲೇ ಎದ್ದು ಕಾಫಿ ಕೊಡಿ. ಕರ್ಜಿಕಾಯಿ, ಚಕ್ಕುಲಿ, ಶಂಕರಪೋಳಿ ಮನೆಯಲ್ಲೇ ಮಾಡಿ, ಎಲ್ಲರನ್ನೂ ಕೂರಿಸಿಕೊಂಡು. ಮಂಗಳೂರು ಕಡೆಯವರು ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾಡುವಾಗಲೂ ಹೀಗೇ, ಇಡೀ ಮನೆ ನೆಲದ ಮೇಲೆ. ನಮ್ಮ ಮನೆಯಲ್ಲಿ ಕರ್ಜಿಕಾಯಿ ಅಂಚು ಮಡಚುತ್ತಾ ಆ ವರ್ಷ ನಮಗೆ ಒಳ್ಳೆಯದು ಮಾಡಿದವರ ಹೆಸರು ಒಂದೊಂದಾಗಿ ಹೇಳುತ್ತೇವೆ. ಆ ಹೆಸರುಗಳೇ ಮಾರನೇ ದಿನ ತಟ್ಟೆ ಕಳಿಸುವ ಪಟ್ಟಿ. ಅದರಲ್ಲಿ ದೊಡ್ಡವರ ಮನೆ ಕಮ್ಮಿ. ಬೀದಿ ಗುಡಿಸುವ ಪೌರಕಾರ್ಮಿಕರು, ಗ್ಯಾಸ್ ಸಿಲಿಂಡರ್ ಮೂರನೇ ಮಹಡಿಗೆ ಹೊತ್ತು ತರುವವರು, ಮಗಳ ಆಟೋ ಮಾಮ. ತಟ್ಟೆ ಕೊಡುವಾಗ "ಹಬ್ಬದ್ದು ತಗೊಳ್ಳಿ" ಅಂತ ಅಷ್ಟೇ ಹೇಳಬೇಡಿ. ಯಾಕೆ ಕೊಡುತ್ತಿದ್ದೀರಿ ಅಂತ ಹೇಳಿ. "ಜುಲೈ ಮಳೆಯಲ್ಲಿ ಮಗಳನ್ನು ಗೇಟಿನ ತನಕ ಬಿಡದೆ ಮನೆಯೊಳಗೇ ತಂದು ಬಿಟ್ಟಿರಲ್ಲ, ಅದು ಮರೆತಿಲ್ಲ" ಅಂತ ಹೇಳಿ.

ಪಕ್ಕದ ಮನೆಯವರು ದೀಪಾವಳಿಗೆ, ಯುಗಾದಿಗೆ ಹೋಳಿಗೆ ಕೊಡ್ತಾರೆ. ಪ್ರಸಾದ ಕೂಡ. ತಿನ್ನಬಹುದಾ?

ಹೋಳಿಗೆಯನ್ನು ಖುಷಿಯಿಂದ ತಿನ್ನಿ, ತುಪ್ಪ ಹಾಕಿಕೊಂಡು ತಿನ್ನಿ, ಸ್ತೋತ್ರ ಹೇಳಿ ತಿನ್ನಿ. ಅದು ನೆರೆಯವರ ಪ್ರೀತಿ.

ಪ್ರಸಾದದ ವಿಷಯ ಸ್ವಲ್ಪ ಬೇರೆ. ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಹುದಾ ಅಂತ ಕೊರಿಂಥದವರೂ ಪೌಲನನ್ನು ಕೇಳಿದ್ದರು. ಮೊದಲನೇ ಪತ್ರದ 8ನೇ ಮತ್ತು 10ನೇ ಅಧ್ಯಾಯ ಕೂತು ಓದಿ. ಅವನು ಒಂದೇ ಸಾಲಿನ ಉತ್ತರ ಕೊಡುವುದಿಲ್ಲ, ನಿನ್ನ ಮನಸ್ಸಾಕ್ಷಿ ನೋಡು, ಇನ್ನೊಬ್ಬನ ಮನಸ್ಸಾಕ್ಷಿಯನ್ನೂ ನೋಡು ಅನ್ನುತ್ತಾನೆ. ನಮ್ಮ ಸಭೆಯಲ್ಲೇ ತಿನ್ನುವವರಿದ್ದಾರೆ, ತಿನ್ನದವರಿದ್ದಾರೆ. ನಾನು ತಿನ್ನುವುದಿಲ್ಲ. ಆದರೆ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತೇನೆ, ಎಸೆಯುವುದಿಲ್ಲ, ತಿನ್ನುವ ಇನ್ನೊಬ್ಬ ನೆರೆಯವರಿಗೆ ಕೊಡುತ್ತೇನೆ. ನಮ್ಮ ಪಕ್ಕದ ಮನೆ ಅಕ್ಕನಿಗೆ ಇದು ಗೊತ್ತು. ಈಗ ಅವರೇ ನನಗೆ ಅಂತ ಬೇರೆ ಡಬ್ಬಿಯಲ್ಲಿ ಹೋಳಿಗೆ ಎತ್ತಿಟ್ಟಿರುತ್ತಾರೆ. ಮುಖ ಸಿಂಡರಿಸುವುದು, ಅವರೆದುರಿಗೇ ಬೇಡ ಅನ್ನುವುದು, ಮಕ್ಕಳಿಗೆ "ಮುಟ್ಟಬೇಡ" ಅಂತ ಕಿರುಚುವುದು, ಇದು ಯಾವ ನಂಬಿಕೆಯೂ ಅಲ್ಲ.

ಕಾಣಿಕೆ ಎಷ್ಟು ಕೊಡಬೇಕು? ದಶಮಾಂಶ (ಆದಾಯದ ಹತ್ತರಲ್ಲಿ ಒಂದು ಪಾಲು) ಕಡ್ಡಾಯವಾ?

ಲೆಕ್ಕ ನೀವೂ ದೇವರೂ ಮಾಡಿಕೊಳ್ಳಿ. ನಾನು ನಮ್ಮ ಅಜ್ಜಿಯ ಡಬ್ಬಿಯ ಬಗ್ಗೆ ಮಾತ್ರ ಹೇಳಬಲ್ಲೆ. ಒಲೆಯ ಪಕ್ಕ ಒಂದು ತಗಡಿನ ಡಬ್ಬಿ ಇತ್ತು, ಮೊದಲು ಅದರಲ್ಲಿ ಬಿಸ್ಕೆಟ್ ಬಂದಿತ್ತು, ಮುಚ್ಚಳದ ಮೇಲಿನ ಚಿತ್ರ ಉಜ್ಜಿ ಉಜ್ಜಿ ಹೋಗಿತ್ತು. ಅನ್ನಕ್ಕೆ ಅಕ್ಕಿ ಅಳೆಯುವ ಮುಂಚೆ ಒಂದು ಹಿಡಿ ಆ ಡಬ್ಬಿಗೆ. ರೊಟ್ಟಿ ದಿನ ಒಂದು ಹಿಡಿ ಜೋಳದ ಹಿಟ್ಟು ಬೇರೆ ಡಬ್ಬಿಗೆ. "ಮೊದಲ್ ಹಿಡಿ ಅವಂದು, ಆಮ್ಯಾಗ ನಮ್ದು" ಅನ್ನುತ್ತಿದ್ದರು. ತಿಂಗಳ ಕೊನೆಗೆ ಅದು ಸಭೆಗೆ, ಅಲ್ಲಿಂದ ಇಲ್ಲದವರ ಮನೆಗೆ. ಮಿಜೋರಾಂನ ಸಭೆಗಳಲ್ಲಿ ಈ ಹಿಡಿ ಅಕ್ಕಿ ಪದ್ಧತಿ ಇವತ್ತಿಗೂ ದೊಡ್ಡದಾಗಿ ನಡೆಯುತ್ತಿದೆ, ಅದರಿಂದಲೇ ಎಷ್ಟೋ ಸೇವಕರ ಖರ್ಚು ಸಾಗುತ್ತದೆ.

ಅಜ್ಜಿಯ ಮನೆಯಲ್ಲಿ ಅಕ್ಕಿಯೇ ಕಮ್ಮಿ ಇದ್ದ ದಿನಗಳೂ ಇದ್ದವು. ಅವತ್ತು ಹಿಡಿ ಸಣ್ಣದಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಈಗ ನಾನು ಕುಕ್ಕರ್ ಇಡುವಾಗ ಹಾಗೇ ಮಾಡುತ್ತೇನೆ, ಡಬ್ಬಿ ಮಾತ್ರ ಪ್ಲಾಸ್ಟಿಕ್‌ದು.

ದೇವರಿಗೆ ದಿನಾ ಸ್ತೋತ್ರ ಹೇಳ್ತೀವಿ, ಮನೆಯವರಿಗೆ ಥ್ಯಾಂಕ್ಸ್ ಹೇಳೋದು ಕೃತಕ ಅನ್ಸುತ್ತೆ. ಬೇಕಾ?

ಬೇಕು. ಥ್ಯಾಂಕ್ಸ್ ಅನ್ನುವ ಪದವೇ ಬೇಕಂತಿಲ್ಲ. ಧನ್ಯವಾದ ಅಂದರೆ ಮೈಕಿನ ಮುಂದೆ ನಿಂತ ಹಾಗಿರುತ್ತದೆ, ಅವ್ವನಿಗೆ ಯಾರು ಧನ್ಯವಾದ ಅನ್ನುತ್ತಾರೆ? ಆದರೆ ಹಸಿದು ಬಂದವರು ಉಂಡು ಎದ್ದು "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ" ಅನ್ನುವುದನ್ನು ಕೇಳಿದ್ದೀರಲ್ಲ? ಅದಕ್ಕಿಂತ ದೊಡ್ಡ ಮಾತು ಯಾವ ಭಾಷೆಯಲ್ಲೂ ಇರಲಿಕ್ಕಿಲ್ಲ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅನ್ನುವುದೂ ನಮ್ಮದೇ ಗಾದೆ. ಲೂಕನ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾದರು, ತಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನು ಅಂತ ನೋಡುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳಿದ. ಆ ಒಂಬತ್ತು ಮಂದಿಗೂ ಮನಸ್ಸಿನಲ್ಲಿ ಕೃತಜ್ಞತೆ ಇದ್ದಿರಬಹುದು. ಬಂದು ಹೇಳಲಿಲ್ಲ, ಅಷ್ಟೇ.

"ಸಾರು ಚೆನ್ನಾಗಿದೆ" ಅಂತ ಹೇಳಿ. ಅಲ್ಲಿಂದ ಶುರುಮಾಡಿ.

ಮನೆಯಲ್ಲಿ ಸಾವಾಗಿದೆ. ಈ ವರ್ಷ ಹಬ್ಬ ಮಾಡಬೇಕಾ?

ಸ್ಟಾರ್ ಹಾಕಲು ಮನಸ್ಸಿಲ್ಲದಿದ್ದರೆ ಹಾಕಬೇಡಿ. ಯಾರಾದರೂ ಏನಾದರೂ ಅಂದರೆ ಅನ್ನಲಿ. ಆರಾಧನೆಗೆ ಮಾತ್ರ ಹೋಗಿ, ಹಿಂದಿನ ಬೆಂಚಿನಲ್ಲಾದರೂ ಕೂರಿ. ಹೋದವರು ಇಷ್ಟಪಡುತ್ತಿದ್ದ ಒಂದು ತಿಂಡಿ ಮಾಡಿ, ಅವರ ಹೆಸರು ಹೇಳಿ ತಿನ್ನಿ. ಮನೆಯಲ್ಲಿ ಅವರ ಹೆಸರು ಎತ್ತಲು ಎಲ್ಲರೂ ಹೆದರುತ್ತಾ ಕೂರುವುದು ತುಂಬ ಕಷ್ಟ. ನಮ್ಮಪ್ಪ ತೀರಿಹೋದ ವರ್ಷ ಈಸ್ಟರ್ ಬೆಳಗಿನ ಜಾವ ಇನ್ನೂ ಕತ್ತಲಿರುವಾಗ ಸಮಾಧಿಗೆ ಹೋದೆವು. ಮೇಣದಬತ್ತಿ ಹಚ್ಚಿ ಹಾಡು ಹೇಳಿದೆವು. ಸುತ್ತ ಬೇರೆ ಬೇರೆ ಕುಟುಂಬದವರೂ ಹಾಡುತ್ತಿದ್ದರು, ಒಂದರ ಮೇಲೊಂದು ಹಾಡು, ಬೇರೆ ಬೇರೆ ರಾಗ. ಬೆಳಕಾಗುವ ಹೊತ್ತಿಗೆ ಅವ್ವ ಸಮಾಧಿಯ ಮೇಲೆ ಕೈ ಇಟ್ಟು "ಆ ಲಾರಿ ನಿಂತಿದ್ದಕ್ಕ ಸ್ತೋತ್ರ" ಅಂದಳು. ಅಂದರೆ ಆಮೇಲೆ ಅಪ್ಪ ನಮ್ಮ ಜೊತೆ ಇದ್ದ ಮೂವತ್ತೊಂದು ವರ್ಷಕ್ಕೆ.

ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಹೋಗಲಾಗದವರು ಮನೆಯಲ್ಲಿ ಏನು ಮಾಡಬಹುದು?

ನೋಟ್‌ಬುಕ್ ತೆಗೆದು ಜನವರಿಯಿಂದ ಓದಿ. ಅರ್ಧಕ್ಕರ್ಧ ಮರೆತೇ ಹೋಗಿರುತ್ತದೆ. "ನನ್ನ ಮನವೇ, ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ" ಅಂತ 103ನೇ ಕೀರ್ತನೆ ನಮಗೆ ನಾವೇ ಹೇಳಿಕೊಳ್ಳುವುದು ಸುಮ್ನೆ ಅಲ್ಲ. ಹನ್ನೆರಡು ಗಂಟೆಗೆ ಪ್ರಾರ್ಥನೆ ಮಾಡಿ, ವಚನ ಬರೆದ ಚೀಟಿಗಳಲ್ಲಿ ಒಂದನ್ನು ಎತ್ತಿ ಹೊಸ ವರ್ಷದ ವಚನ ತೆಗೆಯಿರಿ. ಆದರೆ ವಚನವನ್ನು ಲಾಟರಿ ಚೀಟಿ ಮಾಡಿಕೊಳ್ಳಬೇಡಿ. ಚೆನ್ನಾಗಿಲ್ಲ ಅಂತ ಮತ್ತೊಂದು ತೆಗೆಯುವುದು ಬೇಡ.

ಮಕ್ಕಳು ಇಂಗ್ಲಿಷ್ ಮೀಡಿಯಂ. ಕನ್ನಡ ಸತ್ಯವೇದ ಓದೋಕೆ ಬರಲ್ಲ. ಮನೆ ಪ್ರಾರ್ಥನೆ ಇಂಗ್ಲಿಷಲ್ಲೇ ಮಾಡಲಾ?

ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ, ಮಕ್ಕಳು ಯಾವ ಭಾಷೆಯಲ್ಲಿ ಬೇಕಾದರೂ ಪ್ರಾರ್ಥಿಸಲಿ. ಆದರೆ ಕನ್ನಡ ಬಿಡಬೇಡಿ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಪೂರ್ತಿ ಸತ್ಯವೇದ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ 1831 ಆಗಿತ್ತು. ಇಪ್ಪತ್ತು ವರ್ಷದ ಮೇಲಿನ ಕೆಲಸ. ದಿನಕ್ಕೆ ಒಂದು ವಚನ ಮಗುವಿನ ಕೈಯಲ್ಲಿ ಓದಿಸಿ, ತಡವರಿಸಿದರೂ ಪರವಾಗಿಲ್ಲ.

ನಮ್ಮ ಮಗಳು ಮೊದಲ ಸಲ ತಾನಾಗಿ ಓದಿದ್ದು 23ನೇ ಕೀರ್ತನೆ. ಬೆರಳಿಟ್ಟು, ಒತ್ತಕ್ಷರದ ಹತ್ತಿರ ನಿಂತು ನಿಂತು. "ಯೆಹೋವನು ನನಗೆ ಕುರುಬನು, ಕೊ-ರ-ತೆ-ಪ-ಡೆ-ನು." ತಲೆ ಎತ್ತಿ ಕೇಳಿದಳು, "ಕೊರತೆಪಡೆನು ಅಂದ್ರೆ ಏನು?" ನಾನು ಉತ್ತರ ಹುಡುಕುವಷ್ಟರಲ್ಲಿ ಅವ್ವ ಅಡುಗೆಮನೆಯಿಂದಲೇ ಹೇಳಿದಳು: "ಇವತ್ತಿಂದು ಇವತ್ತಿಗೆ ಸಾಕಾತು ಅಂತ. ಬಾ, ಊಟಕ್ಕ ಕೂಡು."